ಎಣ್ಣೆಗೂದಲು

ನಾರಾಯಣಪೇಟೆಯಲ್ಲಿ ನಮ್ಮ ಎದುರುಮನೆಯ ಅಜ್ಜಿ ಸೀರೆಗಳಿಗೆ ಕೈಯಿಂದಲೇ ಫಾಲ್ ಹಚ್ಚುತ್ತಿದ್ದರು. ಕೆಲಸಕ್ಕೆ ಕೂರುವ ಮೊದಲು ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ಒರಟು ಬುಡಕ್ಕೆ ಸೂಜಿಯ ಮೊನೆ ಉಜ್ಜುವರು. ಆಮೇಲೆ ನಾಲ್ಕು ಹೊಲಿಗೆಗೊಮ್ಮೆ ಸೂಜಿಯನ್ನು ತಮ್ಮ ಎಣ್ಣೆಗೂದಲಲ್ಲಿ ಎಳೆದುಕೊಳ್ಳುವರು. “ಸೂಜಿ ಹೋಗಿದ್ದು ಸೀರಿಗಿ ಗೊತ್ತಾಗಬಾರದವ್ವಾ” ಎಂಬುದು ದಿನದ ಮಾತು.

ಒಮ್ಮೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರು. ಮರುದಿನವೇ ನನ್ನ ತಂಗಿಯ ಮದುವೆಯ ಗದ್ವಾಲ ಸೀರೆ ಹಿಡಿದು ಕುಳಿತರು. ನಾಲ್ಕು ಹೊಲಿಗೆ ಹಾಕಿ ಸೂಜಿಯನ್ನು ತಲೆಗೆ ಒಯ್ದರು. ಅಲ್ಲಿ ಬರೀ ಬೋಳು. ಕೈ ಹಾಗೇ ನಿಂತಿತು. ಒಣ ಸೂಜಿಯಿಂದಲೇ ಮುಂದುವರಿದಾಗ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡು ಮೇಲೆದ್ದಿತು.

“ಬಟ್ಟಲದಾಗ ಎಣ್ಣಿ ತರ್ಲೇನ್ರಿ ಅಜ್ಜಿ?” ಎಂದೆ.

“ಬ್ಯಾಡ, ರೇಷ್ಮಿಗಿ ಕಲಿ ಆಗತೈತಿ. ನೀನೇ ಬಾ, ಇಲ್ಲಿ ಕುಂದ್ರು.”

ಅವರ ಮೊಣಕಾಲ ಬಳಿ ತಲೆ ಬಾಗಿಸಿ ಕುಳಿತೆ. ಸೀರೆ ಮುಗಿಯುವ ತನಕ ಸೂಜಿ ನನ್ನ ಬೈತಲೆಯ ಪಕ್ಕ ಓಡಾಡಿತು. ಒಮ್ಮೆಯೂ ಚುಚ್ಚಲಿಲ್ಲ. ನಾನು ಏಳುವಾಗ ಸೂಜಿಯನ್ನು ಬೆಳಕಿಗೆ ಹಿಡಿದು ನೋಡುತ್ತ ಅಂದರು:

“ನನ್ನ ಕೂದ್ಲ ಬರೂತನಕ ನೀ ಶಾಂಪೂ ಹಚ್ಚಬ್ಯಾಡ ನೋಡು.”