ಲತಾಳ ಹೆಸರಿನ ಎಚ್

ನಾನು ಮೈಸೂರು ಕಡೆಯವಳು. ಎಪ್ಪತ್ತರ ದಶಕದಲ್ಲಿ ಖಾನಾಪುರದ ಕನ್ನಡ ಶಾಲೆಯೊಂದರಲ್ಲಿ ಐದನೇ ಇಯತ್ತೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಟಿ ಪಕ್ಕದಲ್ಲಿ ಎಚ್ ಬಂದರೆ ಎರಡೂ ಕೂಡಿ ‘ತ’ ಎನ್ನುತ್ತವೆ ಎಂದು ಹೇಳಿ, ಉದಾಹರಣೆಗೆಂದು ಮುಂದೆ ಕೂತಿದ್ದ ಲತಾಳ ಹೆಸರಿಗೆ ಒಂದು ಎಚ್ ಸೇರಿಸಿದೆ. ಇಲ್ಲದಿದ್ದರೆ ನೀನು ‘ಲಟಾ’ ಆಗುತ್ತೀಯ ಎಂದೂ ಹೆದರಿಸಿದೆ. ಅವಳು ಅದನ್ನು ತನ್ನ ಪಾಟಿಯ ಮೇಲೆ ಬರೆದುಕೊಂಡು ಮನೆಗೆ ಹೋದಳು.

ಮರುದಿನ ಅವಳ ಕೈಹಿಡಿದುಕೊಂಡು ಅಪ್ಪ ಬಂದರು. ಅವರ ಮನೆಮಾತು ಮರಾಠಿ.

“ಅಕ್ಕೋರ, ಮಗಳಿಗೆ ಚಂದಾಗಿ ಲತಾ ಅಂತ ಹೆಸರಿಟ್ಟೇವ್ರಿ. ನಮ್ಮ ಮಂದಿ ಟಿ-ಎಚ್ ಕಂಡ್ರ ‘ಥ’ ಅಂತ ಓದ್ತಾರ್ರಿ. ನೀವು ಎಚ್ ಹಚ್ಚಿ ಲಾಥ ಮಾಡೀರಿ.”

“ಲಾಥ ಅಂದರೇನು?”

“ಮರಾಠಿಯೊಳಗ ಲಾಥ ಅಂದ್ರ ಒದಿಯೂದ್ರೀ! ಓಣ್ಯಾಗಿರೋ ಇದ ಕ್ಲಾಸಿನ ಹುಡುಗೂರು ನಗಾಕ ಹತ್ಯಾರ.”

ನನಗೆ ನಗು ಬಂತು, ನಗುವಂತಿರಲಿಲ್ಲ. “ಆ ಎಚ್ ಅಳಿಸಿಬಿಡಮ್ಮ” ಎಂದೆ.

ಲತಾ ಪಾಟಿಯನ್ನು ಎದೆಗೆ ಅವಚಿಕೊಂಡಳು.

“ಬ್ಯಾಡ್ರಿ ಅಕ್ಕೋರ, ಇರ್ಲಿ. ನಕ್ಕಾಂವಗ ನಿನ್ನೇನ ಒಂದು ಲಾಥ ಕೊಟ್ಟೇನ್ರಿ. ಈಗ ಯಾರೂ ನಗಂಗಿಲ್ಲ.”

ಅಪ್ಪ ನನ್ನನ್ನು ನೋಡಿದರು, ನಾನು ಕರಿಹಲಗೆಯನ್ನು ನೋಡಿದೆ.

ಆ ವರ್ಷ ನನ್ನ ತರಗತಿಯಲ್ಲಿ ಟಿ-ಎಚ್ ಸದ್ದನ್ನು ಯಾರೂ ಮರೆಯಲಿಲ್ಲ. ಒದೆ ತಿಂದವನಂತೂ ಮರೆಯಲೇ ಇಲ್ಲ.