ಸಾವಿರಕ್ಕೊಂದು

ನಮ್ಮ ಸೋದರಮಾವನನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಮಾತ್ರ ಆ ಸಾಲಿನಲ್ಲಿ ನಿಲ್ಲಿಸಬೇಡಿ.

ಮಾವ ಔಷಧಿ ಗೋದಾಮೊಂದರಲ್ಲಿ ವೈರ್‌ಲೆಸ್ ನೆಟ್‌ವರ್ಕ್ ನೋಡಿಕೊಳ್ಳುತ್ತಾನೆ. ಅಲ್ಲಿಯ ಕೋಲ್ಡ್ ರೂಮಿನ ಉಸ್ತುವಾರಿ ನಮ್ಮಪ್ಪನದಾಗಿತ್ತು. ಭಾವನಿಗೆ ಕೆಲಸ ಕೊಡಿಸಿದ್ದು ತಾನೇ ಎಂದು ಮಾವ ಕಂಡವರ ಮುಂದೆಲ್ಲ ಡಂಗುರ ಸಾರುತ್ತಿದ್ದ. ಅಪ್ಪ ಬಾಯಿಸತ್ತ ಮನುಷ್ಯ, ಹೌದೆಂದು ತಲೆಯಾಡಿಸುತ್ತಿದ್ದ.

ಕೋಲ್ಡ್ ರೂಮಿನ ಗೋಡೆಗೆ ಅಂಗೈಯಗಲದ ಒಂದು ಸೆನ್ಸರ್ ಇತ್ತು. ಒಳಗೆಷ್ಟು ತಂಪಿದೆಯೆಂದು ಆಗಾಗ ನೆಟ್‌ವರ್ಕಿನಲ್ಲಿ ಒಂದು ಚುಟುಕು ಸುದ್ದಿ ಕಳಿಸುವುದಷ್ಟೇ ಅದರ ಕೆಲಸ. ಬಿಸಿಯೇರಿದ ಸುದ್ದಿ ಬಂದರೆ ಅಪ್ಪನ ಫೋನು ಬಡಿದುಕೊಳ್ಳುತ್ತಿತ್ತು, ಅಪ್ಪ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದ.

ಒಮ್ಮೆ ನೆಟ್‌ವರ್ಕ್ ತೆವಳತೊಡಗಿತು. ಅದನ್ನೆಲ್ಲ ಯಾರು ನುಂಗುತ್ತಿದ್ದಾರೆ ಪತ್ತೆ ಹಚ್ಚು ಎಂದು ಮ್ಯಾನೇಜರು ಮಾವನ ಬೆನ್ನು ಬಿದ್ದರು. ಹೋಗಿಬರುವ ಮಾಹಿತಿಯ ತುಣುಕುಗಳನ್ನೆಲ್ಲ ತಪಾಸಣೆ ಮಾಡಲು ಹೊರಟರೆ ಯಂತ್ರವೇ ಮಗುಚಿಕೊಳ್ಳುತ್ತದೆ. ಅದಕ್ಕೇ ಸಾವಿರಕ್ಕೊಂದನ್ನು ಮಾತ್ರ ಹಿಡಿದು ನೋಡುವಂತೆ ಮಾವ ಹೊಂದಿಸಿದ. ತಪ್ಪೇನಿಲ್ಲ, ಹೊಟ್ಟೆಬಾಕರನ್ನು ಹಿಡಿಯಲು ಅಷ್ಟು ಸಾಕು. ಹಿಡಿದೂ ಹಿಡಿದ. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಆ ತಪಾಸಣೆಯ ಗ್ರಾಫಿನಲ್ಲಿ ಸೊನ್ನೆ ತೋರಿಸಿದ ಸಾಧನಗಳೆಲ್ಲ ಕೆಟ್ಟುಹೋದ ಹಳೇ ಸಾಮಾನು ಎಂದುಕೊಂಡು, ಎದ್ದುಹೋಗಿ ನೋಡುವ ಗೋಜಿಗೂ ಹೋಗದೆ, ಕೂತಲ್ಲಿಂದಲೇ ಅವುಗಳ ಸಂಪರ್ಕ ಕಿತ್ತುಹಾಕಿದ. ಅಪ್ಪನ ಸೆನ್ಸರಿನ ಚುಟುಕು ಸುದ್ದಿ ಆ ಸಾವಿರಕ್ಕೊಂದರಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ; ಹಾಗಾಗಿ ಅದರ ಸಂಪರ್ಕವೂ ಹೋಯಿತು.

ಮುಂದಿನ ರಜೆಯ ದಿನವೇ ಕೋಲ್ಡ್ ರೂಮಿನ ತಂಪಿನ ಯಂತ್ರ ನಿಂತಿತು. ಅಪ್ಪನ ಫೋನು ಬಡಿದುಕೊಳ್ಳಲಿಲ್ಲ. ಒಳಗಿದ್ದ ಔಷಧಿಯೆಲ್ಲ ಹಾಳಾಯಿತು.

"ಸುದ್ದಿ ಬಂದಿದ್ರೆ ಓಡಿ ಬರ್ತಿದ್ದೆ ಸಾರ್. ಬರ್ಲೇ ಇಲ್ಲ," ಎಂದ ಅಪ್ಪ, ವಿಚಾರಣೆಯಲ್ಲಿ.

ಮ್ಯಾನೇಜರು ಮಾವನತ್ತ ತಿರುಗಿದರು. "ಏನ್ರೀ, ಸೆನ್ಸರ್ ಸರಿ ಇತ್ತಾ?"

ಅದರ ಸಂಪರ್ಕ ಕಿತ್ತದ್ದು ತಾನೇ ಎಂದು ಅಷ್ಟುಹೊತ್ತಿಗೆ ಮಾವನಿಗೆ ಚೆನ್ನಾಗಿ ಗೊತ್ತಾಗಿತ್ತು. "ಗ್ರಾಫಲ್ಲಿ ಏನೂ ಕಾಣ್ತಿಲ್ಲ ಸಾರ್. ಅದು ಕೆಟ್ಟು ಬಹಳ ದಿನ ಆಗಿರ್ಬೇಕು," ಎಂದ. ಅಂದರೆ, ಕೆಟ್ಟಿದ್ದನ್ನು ತಿಳಿಸದೆ ಕೂತವನು ಅಪ್ಪ ಎಂದಾಯಿತು. ಅಪ್ಪ ಮಾವನ ಮುಖವನ್ನೊಮ್ಮೆ ನೋಡಿದನಂತೆ. ಸಂಜೆಯೊಳಗೆ ಅಪ್ಪನ ಕೆಲಸ ಹೋಯಿತು.

ಎಷ್ಟೋ ತಿಂಗಳ ಮೇಲೆ ಮಾವ ಹಣ್ಣಿನ ಚೀಲ ಹಿಡಿದು ನಮ್ಮ ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡು ಅತ್ತ. "ನಿಜ ಹೇಳಿದ್ರೆ ನನ್ ಕೆಲ್ಸ ಹೋಗ್ತಿತ್ತು ಅಕ್ಕಾ. ಭಾವನೂ ಏನೂ ಅನ್ಲಿಲ್ಲ, ಅದಕ್ಕೇ..."

"ಅವ್ರು ಯಾವತ್ತು ದನಿ ಎತ್ತಿದ್ದಾರೋ?" ಅಮ್ಮ ಒಲೆಯ ಕಡೆಯಿಂದ ತಿರುಗಲೂ ಇಲ್ಲ. "ಗಲಾಟೆ ಮಾಡ್ದೇ ಇರೋರು ಬದುಕಿದ್ದಾರೆ ಅಂತಾನೇ ನಿನಗೆ ಗೊತ್ತಾಗಲ್ವಲ್ಲ!"

ಅಪ್ಪ ಕೋಣೆಯಿಂದ ಹೊರಗೆ ಬಂದ. "ನೀನೇ ಕಿತ್ತಿದ್ದು ಅಂತ ಅವತ್ತೇ ನಿನ್ನ ಮುಖ ನೋಡಿ ಗೊತ್ತಾಯ್ತು ಕಣೋ. ನಿನ್ನ ಬಾಯಿಂದಾನೇ ಬರ್ಲಿ ಅಂತ ಸುಮ್ನಿದ್ದೆ."

ಮಾವನ ಕೆಲಸ ಈಗಲೂ ಭದ್ರವಾಗಿದೆ. ಅಪ್ಪ ಈಗಲೂ ಫೋನನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾನೆ.