ಗಂಡಿನ ನೆರಳು ಬೀಳದ ವ್ರತ

ನನ್ನ ಮೊಮ್ಮಗಳು ಮತ್ತೆ ನಗುತ್ತಿದ್ದಾಳೆ! ಎರಡನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಆದರೂ ಈ ಸಂತೋಷವನ್ನು ಬರೆದಿಡದೆ ಇರಲಾರೆ.

ಹೋದ ವರ್ಷ ಅವಳು, "ನನಗ ಗಂಡು ನೋಡಬ್ಯಾಡ್ರಿ. ನಾ ಒಬ್ಬಾಕಿ ಹುಡುಗೀನ್ನ ಮೆಚ್ಚೀನಿ" ಎಂದಳು. ಆ ಹುಡುಗಿ ಯಾರೆಂದು ನನ್ನ ಮಗ ಕೇಳಲೇ ಇಲ್ಲ; ನಾನು ಕೇಳಿದೆ. ಮಗಳನ್ನು ಯಾದಗಿರಿಯ ಒಬ್ಬ ಡಾಕ್ಟರ ಬಳಿಗೆ ಎಳೆದೊಯ್ದ. ಅವರು ಕೆಟ್ಟ ರೇಡಿಯೊ ಕೈಗೆ ಬಂದಂತೆ, "ತಿದ್ದಿ ಕೊಡ್ತೀನ್ರಿ" ಎಂದು ಗುಳಿಗೆ ಬರೆದರು. ಹುಡುಗಿ ಮಂಕಾದಳು, ರೊಟ್ಟಿ ಮುರಿಯಲೂ ಕೈ ನಡುಗುತ್ತಿತ್ತು.

"ಸುಧಾರಸಾಕತ್ತ್ಯಾಳ" ಎಂದ ಮಗ.

ಗುಳಿಗೆಗಳನ್ನು ನಾನು ಬಚ್ಚಲಿಗೆ ಸುರಿದೆ. ಬಚ್ಚಲ ಕಪ್ಪೆಗಳು ಸುಧಾರಿಸಿರಬೇಕು.

ಟಿವಿಯಲ್ಲಿ ಕೋಟು ತೊಟ್ಟವರು, ಇಂಥ ಚಿಕಿತ್ಸೆಯನ್ನು ಕಾನೂನು ನಿಷೇಧಿಸಬೇಕೇ ಎಂದು ಕಿರುಚಾಡುತ್ತಿದ್ದರು. "ನನ್ನ ಮಗಳನ್ನ ತಿದ್ದಾಕ ನನಗ ಹಕ್ಕಿಲ್ಲೇನು?" ಎಂದು ಮಗ ಟಿವಿಗೇ ಗದರಿದ.

"ನೀ ಎಡಗೈಲೆ ಉಣ್ತಿದ್ದಿ ಅಂತ ನಿಮ್ಮಪ್ಪ ಕೈ ಕಟ್ಟಿ ಹಾಕಿದ್ದ. ಈಗ ರಿಮೋಟ್ ಯಾವ ಕೈಯಾಗೈತಿ ನೋಡಪ್ಪಾ" ಎಂದೆ.

ಅವನು ರಿಮೋಟನ್ನು ಬಲಗೈಗೆ ಬದಲಿಸಿದ. ಬುದ್ಧಿ ಬದಲಾಗಲಿಲ್ಲ.

ಮುಂದೆ ಸುರಪುರದ ಕಡೆಯ, ವ್ರತ ಹೇಳಿಕೊಡುವ ಒಬ್ಬ ಅಯ್ಯನ ಸರದಿ. ಅವರೆದುರು ನಿಜ ಹೇಳಲು ಮಗನಿಗೆ ನಾಚಿಕೆ. "ಮದಿವಿ ಒಲ್ಲೆ ಅಂತಾಳ್ರಿ" ಎಂದಷ್ಟೇ ಹೇಳಿದ. ಅಯ್ಯನ ಹತ್ತಿರ ಎಲ್ಲ ಹೆಣ್ಣುಮಕ್ಕಳಿಗೂ ಇದ್ದದ್ದು ಒಂದೇ ವ್ರತ: "ಶ್ರಾವಣ ಮುಗಿಯೋತನಕ ಗಂಡಸರ ನೆರಳು ಬೀಳಬಾರದು. ಜೋಡಿಗೆ ಒಬ್ಬಾಕಿ ಕನ್ನೆ ಇರಲಿ. ಇಬ್ಬರೂ ಒಂದೇ ತಾಟಿನ್ಯಾಗ ಉಣ್ಣಲಿ."

ನಗು ತಡೆಯಲು ನಾನು ಸೆರಗು ಕಚ್ಚಿಕೊಂಡೆ.

"ಜೋಡಿಗೆ ಯಾರನ್ನ ಕರೀಲವ್ವಾ?" ಎಂದು ಮಗ ಕೇಳಿದ.

"ಶಹಾಪುರದಾಗ ಆಕಿ ಗೆಳತಿ ಅದಾಳಲ್ಲ, ಭಾಳ ಕಾಳಜಿ ಮಾಡ್ತಾಳ" ಎಂದೆ. ಮಗ ತಾನೇ ಹೋಗಿ, ಕೈಮುಗಿದು, ಮೊಮ್ಮಗಳು ಮೆಚ್ಚಿದ ಹುಡುಗಿಯನ್ನೇ ಕರೆತಂದ! ಶ್ರಾವಣ ಪೂರ್ತಿ ಇಬ್ಬರೂ ಮಾಳಿಗೆಯ ಕೋಣೆಯಲ್ಲಿ. ನೆರಳು ಬಿದ್ದೀತೆಂದು ಅವನು ಸ್ವಂತ ಅಂಗಳಕ್ಕೂ ಕೆಮ್ಮಿ ಬರುತ್ತಿದ್ದ. ಮೇಲಿನಿಂದ ನಗು ಕೇಳಿದರೆ, "ವ್ರತ ಹತ್ತೈತಿ ನೋಡವ್ವಾ!" ಎನ್ನುತ್ತಿದ್ದ.

ಶ್ರಾವಣ ಮುಗಿಯಿತು. "ಇನ್ನ ಗಂಡು ನೋಡಲೇನು?" ಎಂದ.

"ಮೊದಲು ಆಕಿ ಕೈ ನೋಡು. ಆಕಿ ಮೆಚ್ಚಿದಾಕಿ ಈ ಗೆಳತೀನೇ" ಎಂದೆ.

ಮೊಮ್ಮಗಳು ರೊಟ್ಟಿ ಮುರಿದು ಗೆಳತಿಯ ಮುಂದೆ ಇಡುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಮಗ ನೋಡಿದ, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸಂಜೆ ತೆಂಗಿನಕಾಯಿ ಹಿಡಿದು ಬಂದ.

"ಶಹಾಪುರಕ್ಕ ಹೊಂಟಾಕಿಗಿ ಬರೀ ಉಡೀಲೆ ಕಳಸಬ್ಯಾಡವ್ವಾ."

ಅಕ್ಕಿ, ಕುಪ್ಪಸದ ಬಟ್ಟೆ, ಕಾಯಿ ಇಟ್ಟು ನಾನು ಆ ಗೆಳತಿಯ ಉಡಿ ತುಂಬಿದೆ, ಮನೆಯ ಸೊಸೆಗೆ ತುಂಬುವಂತೆ.

ಆದರೂ ತಿದ್ದುವ ಚಿಕಿತ್ಸೆ ನಿಷೇಧಿಸುವ ಆ ಕಾನೂನು ಬೇಗ ಬರಲಿ. ಇಷ್ಟು ದಡ್ಡ ಅಯ್ಯ ಎಲ್ಲರ ಮಕ್ಕಳಿಗೂ ಸಿಗುವುದಿಲ್ಲ.